ಸಣ್ಣ ಮೌಂಟನ್ ಬೈಕ್ ರೇಸಿಗೆ ಏನು ಒಯ್ಯಬೇಕು, ಏನು ಬಿಡಬೇಕು: ದುರ್ಗ, ದಾವಣಗೆರೆ ಕಡೆಯ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದ ಬಂಡೆ, ದಾವಣಗೆರೆಯ ಎರೆಮಣ್ಣು, ಎರಡೂ ಕಡೆ ಬಿಡದೆ ಬೆಳೆದಿರುವ ಬಳ್ಳಾರಿ ಜಾಲಿ. ಇವುಗಳ ನಡುವೆ ಸೈಕಲ್ ಓಡಿಸುವವರಿಗಾಗಿ ಬರೆದ ಉತ್ತರಗಳಿವು. ಬೇರೆ ಊರಿನ ಪಟ್ಟಿಯನ್ನು ಹಾಗೇ ನಕಲು ಮಾಡಿದರೆ ಇಲ್ಲಿ ಕೈ ಕೊಡುತ್ತದೆ. ಮುಖ್ಯ ಕಾರಣ ಮುಳ್ಳು.

"ಸಣ್ಣ ರೇಸ್" ಅಂದರೆ ಎಷ್ಟು ಹೊತ್ತಿನದು?

ಎರಡು ಗಂಟೆಯೊಳಗೆ ಮುಗಿಯುವುದು. ಒಲಿಂಪಿಕ್ಸ್‌ನಲ್ಲಿ 1996ರಿಂದ ನಡೆಯುತ್ತಿರುವ ಕ್ರಾಸ್ ಕಂಟ್ರಿ ಕೂಡ ಈ ಗುಂಪಿನದೇ: ಕೆಲವೇ ಕಿಲೋಮೀಟರಿನ ಸುತ್ತನ್ನು ಮತ್ತೆ ಮತ್ತೆ ಸುತ್ತುತ್ತಾರೆ, ಒಂದೂಕಾಲು, ಒಂದೂವರೆ ಗಂಟೆಗೆ ಮುಗಿಯುತ್ತದೆ. ಅದಕ್ಕಿಂತ ಚಿಕ್ಕದು ಶಾರ್ಟ್ ಟ್ರ್ಯಾಕ್, ಸುಮಾರು ಅರ್ಧ ಗಂಟೆಯ ಆಟ. ನಮ್ಮ ಕಡೆ ಇನ್ನೊಂದು ಬಗೆಯೂ ಇದೆ: ಒಂದೇ ದೊಡ್ಡ ಸುತ್ತು, 20ರಿಂದ 30 ಕಿ.ಮೀ., ಹೊಲದ ದಾರಿ, ಕೆರೆ ಏರಿ, ಗುಡ್ಡ ಎಲ್ಲ ಸೇರಿ. ಹೊತ್ತು ಒಂದೇ ಆದರೂ ಒಯ್ಯಬೇಕಾದ ಸಾಮಾನು ಬೇರೆ ಬೇರೆ.

ಏನು ಒಯ್ಯಬೇಕು ಅನ್ನುವುದನ್ನು ಯಾವ ಲೆಕ್ಕದಲ್ಲಿ ತೀರ್ಮಾನಿಸುವುದು?

ರೇಸಿನ ಒಟ್ಟು ದೂರ ಮರೆತುಬಿಡಿ. ಸೈಕಲ್ ಕೆಟ್ಟ ಜಾಗದಿಂದ ನಿಮ್ಮ ಸಾಮಾನು ಇಟ್ಟಿರುವ ಪಿಟ್‌ಗೆ ನಡೆಯಲು ಎಷ್ಟು ಹೊತ್ತು ಬೇಕು? ಅದೇ ಕೆಡುಕನ್ನು ನಿಂತಲ್ಲೇ ಸರಿಪಡಿಸಲು ಎಷ್ಟು ಹೊತ್ತು ಬೇಕು? ಈ ಎರಡನ್ನು ತಾಳೆ ನೋಡಿ. ರಿಪೇರಿಗೆ ಹಿಡಿಯುವ ಹೊತ್ತು ನಡಿಗೆಗಿಂತ ಕಡಿಮೆ ಇದ್ದರೆ ಆ ಸಾಮಾನು ಸೈಕಲ್ ಮೇಲೆ ಬರಲಿ. ಇಲ್ಲದಿದ್ದರೆ ಪಿಟ್‌ನಲ್ಲೇ ಇರಲಿ.

ಲೆಕ್ಕಕ್ಕೆ ಇಷ್ಟು ನೆನಪಿಡಿ. ಕಲ್ಲು ಮುಳ್ಳಿನ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಗಂಟೆಗೆ 4, ಹೆಚ್ಚೆಂದರೆ 5 ಕಿ.ಮೀ. ನಡೆಯಬಹುದು. ಟ್ಯೂಬ್‌ಲೆಸ್ ಟಯರಿನ ತೂತಿಗೆ ಪ್ಲಗ್ (ತೂತು ಮುಚ್ಚುವ ಅಂಟು ರಬ್ಬರ್ ಎಳೆ) ಚುಚ್ಚಿ ಗ್ಯಾಸ್ ತುಂಬಲು ಅಭ್ಯಾಸ ಇದ್ದವರಿಗೆ 2 ನಿಮಿಷ ಸಾಕು. ಟ್ಯೂಬ್ ಬದಲಿಸಲು 6ರಿಂದ 8 ನಿಮಿಷ, ತುಂಡಾದ ಚೈನಿಗೆ 3ರಿಂದ 4 ನಿಮಿಷ. ಡಿರೇಲರ್ ಹ್ಯಾಂಗರ್ (ಗೇರು ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ಲೋಹದ ತುಂಡು) ಬದಲಿಸಿ ಗೇರು ಹೊಂದಿಸಲು ಕಾಲು ಗಂಟೆ ಬೇಕು, ಅದೂ ಕೈ ನಡುಗದಿದ್ದರೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮ ಅನುಸರಿಸುವ ರೇಸಿನಲ್ಲಿ ಪಿಟ್‌ಗೆ ಹೋಗಲು ಬಂದ ದಾರಿಯಲ್ಲೇ ಹಿಂದಕ್ಕೆ ಬರುವ ಹಾಗಿಲ್ಲ, ಮುಂದಕ್ಕೇ ಹೋಗಬೇಕು. ಹಾಗಾಗಿ ಅತಿ ಕೆಟ್ಟ ಜಾಗ ಇರುವುದು ಸುತ್ತಿನ ದೂರದ ತುದಿಯಲ್ಲಲ್ಲ, ಪಿಟ್ ದಾಟಿದ ಮರುಕ್ಷಣದಲ್ಲಿ. 4 ಕಿ.ಮೀ. ಸುತ್ತಿನಲ್ಲಿ ಪಿಟ್ ದಾಟಿ 200 ಮೀಟರಿಗೆ ಪಂಕ್ಚರ್ ಆದರೆ 3.8 ಕಿ.ಮೀ. ನಡಿಗೆ, ಅಂದರೆ ಮುಕ್ಕಾಲು ಗಂಟೆಯ ಮೇಲೆ. ಪಿಟ್ ಎರಡು ಕಡೆ ಇದ್ದರೆ ಆ ನಡಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹೆಸರು ಕೊಡುವಾಗಲೇ ಸಂಘಟಕರನ್ನು ಮೂರು ಮಾತು ಕೇಳಿಕೊಳ್ಳಿ: ಸುತ್ತು ಎಷ್ಟು ದೂರ, ಪಿಟ್ ಎಷ್ಟು, ಹಿಂದಕ್ಕೆ ಬರಬಹುದಾ.

ಭಾರ ಕಡಿಮೆ ಇದ್ದಷ್ಟೂ ಒಳ್ಳೆಯದಲ್ಲವಾ? ಒಂದು ಕಿಲೋ ಎಷ್ಟು ನಿಧಾನ ಮಾಡುತ್ತೆ?

75 ಕಿಲೋ ಸವಾರ, 12 ಕಿಲೋ ಸೈಕಲ್, ಒಟ್ಟು 87 ಅಂತಿಟ್ಟುಕೊಳ್ಳಿ. ಕಡಿದಾದ ಏರಿನಲ್ಲಿ ಒಂದು ಕಿಲೋ ಹೆಚ್ಚಾದರೆ ಹೊತ್ತು ಶೇಕಡಾ 1ಕ್ಕಿಂತ ಸ್ವಲ್ಪ ಮೇಲೆ ಹೆಚ್ಚುತ್ತದೆ. 10 ನಿಮಿಷದ ಏರಿಗೆ ಸುಮಾರು 7 ಸೆಕೆಂಡು. ಸಮತಟ್ಟಿನಲ್ಲಿ ಅದು ಗಮನಕ್ಕೂ ಬರುವುದಿಲ್ಲ.

ಪ್ಲಗ್, ಗ್ಯಾಸ್, ಸಣ್ಣ ಟೂಲ್, ಚೈನ್ ಲಿಂಕ್ ಎಲ್ಲ ಸೇರಿದರೂ 300 ಗ್ರಾಂ ದಾಟುವುದು ಕಷ್ಟ. ಇಡೀ ರೇಸಿನಲ್ಲಿ ಅರ್ಧ ಗಂಟೆ ಏರು ಹತ್ತಿದರೆ ಅದರ ಬೆಲೆ 6, 7 ಸೆಕೆಂಡು. ಆ ಸೆಕೆಂಡುಗಳಿಂದ ಸ್ಥಾನ ತಪ್ಪುವ ಮಟ್ಟದಲ್ಲಿ ಓಡುವವರಿಗೆ ಈ ಪುಟ ಬೇಕಾಗಿಲ್ಲ. ಉಳಿದವರು ಭಾರ ಇಳಿಸಲು ಪ್ಲಗ್ ತೆಗೆಯಬೇಡಿ, ಬೇಡದ ನೀರು ತೆಗೆಯಿರಿ. ಅರ್ಧ ಲೀಟರ್ ನೀರು ಅರ್ಧ ಕಿಲೋ.

ನನ್ನದು ಟ್ಯೂಬ್‌ಲೆಸ್. ಸೈಕಲ್ ಮೇಲೆ ಇರಲೇಬೇಕಾದದ್ದು ಏನೇನು?

ಅರ್ಧ ಗಂಟೆಯ ಶಾರ್ಟ್ ಟ್ರ್ಯಾಕಿಗೆ ಏನೂ ಬೇಡ. ಅಷ್ಟರಲ್ಲಿ ಕೆಟ್ಟರೆ ರೇಸ್ ಮುಗಿದ ಹಾಗೇ.

ಪಿಟ್ ಇರುವ ಸುತ್ತಿನ ರೇಸಿಗೆ:

- ಪ್ಲಗ್ ಚುಚ್ಚುವ ಸೂಜಿ, ಅದರಲ್ಲಿ ಮೊದಲೇ ಪೋಣಿಸಿದ ಒಂದು ಪ್ಲಗ್, ಜೊತೆಗೆ ಇನ್ನೆರಡು
- 16 ಗ್ರಾಮಿನ, ಮರೆ (ತಿರುಪಿನ ಗೆರೆ) ಇರುವ ಸಿಒ2 ಗ್ಯಾಸ್ ಕಾರ್ಟ್ರಿಡ್ಜ್ ಒಂದು, ಅದನ್ನು ವಾಲ್ವಿಗೆ ಸಿಕ್ಕಿಸುವ ತಲೆ ಒಂದು
- 4, 5, 6 ಮಿ.ಮೀ. ಅಲೆನ್ ಕೀ ಮತ್ತು ಟಿ25 (ನಕ್ಷತ್ರದಾಕಾರದ ತುದಿಯ ಕೀ) ಇರುವ ಚಿಕ್ಕ ಟೂಲ್

ಒಂದೇ ದೊಡ್ಡ ಸುತ್ತಿನ ರೇಸಿಗೆ ಇವುಗಳ ಮೇಲೆ ಒಂದು ಟ್ಯೂಬು, ಎರಡು ಪ್ಲಾಸ್ಟಿಕ್ ಟಯರ್ ಲಿವರ್, ಇನ್ನೊಂದು ಕಾರ್ಟ್ರಿಡ್ಜ್ ಅಥವಾ ಕೈಪಂಪು, ಚೈನ್ ಕಟರ್, ನಿಮ್ಮ ಚೈನಿಗೆ ಹೊಂದುವ ಕ್ವಿಕ್ ಲಿಂಕ್ (ತುಂಡಾದ ಚೈನನ್ನು ಕೈಯಲ್ಲೇ ಜೋಡಿಸುವ ಕೊಂಡಿ), ಹಳೇ ಟಯರಿನಿಂದ ಕತ್ತರಿಸಿದ ಮೂರು ಬೆರಳಗಲದ ತುಂಡು. ಈ ತುಂಡು ಬೇಕಾಗುವುದು ದುರ್ಗದ ಕಲ್ಲಿಗೆ. ಒಡೆದ ಬಂಡೆಯ ಅಂಚು ಟಯರಿನ ಪಕ್ಕೆಯನ್ನು ಸೀಳಿದರೆ ಪ್ಲಗ್ ನಿಲ್ಲುವುದಿಲ್ಲ, ಟ್ಯೂಬ್ ಹಾಕಿದರೂ ಸೀಳಿನಿಂದ ಹೊರಗೆ ಉಬ್ಬಿ ಒಡೆಯುತ್ತದೆ. ಒಳಗಿನಿಂದ ಈ ತುಂಡನ್ನು ಅಡ್ಡ ಇಟ್ಟು, ಮೇಲೆ ಟ್ಯೂಬ್ ಕೂರಿಸಿ ಗಾಳಿ ತುಂಬಿದರೆ ಮನೆ ಮುಟ್ಟಬಹುದು. ಮರೆತು ಬಂದಿದ್ದರೆ ಶಕ್ತಿಗೆ ತಿನ್ನುವ ಜೆಲ್ಲಿನ ಖಾಲಿ ಪೊಟ್ಟಣವನ್ನು ನಾಲ್ಕು ಮಡಿಕೆ ಮಾಡಿ ಇಟ್ಟರೂ ನಡೆಯುತ್ತದೆ.

ಮುಳ್ಳಿನದೇ ಕಾಟ. ಇದಕ್ಕೆ ನಿಜವಾಗಿ ಏನು ಮಾಡಬೇಕು?

ಮೊದಲು ಯಾವ ಮುಳ್ಳು ಅನ್ನುವುದನ್ನು ತಿಳಿದುಕೊಳ್ಳಿ. ನೆಗ್ಗಿಲು ಮುಳ್ಳು ನೆಲಕ್ಕೆ ಅಂಟಿಕೊಂಡ ಬಳ್ಳಿಯ ಕಾಯಿ. ಚಿಕ್ಕದು, ಗಟ್ಟಿ, ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೆ. ಒಂದೇ ಸಲ ಹತ್ತಾರು ಚುಚ್ಚುತ್ತವೆ, ಆದರೆ ತೂತು ಸಣ್ಣದು. ಸೀಲೆಂಟ್ (ಟಯರಿನೊಳಗೆ ಸುರಿಯುವ, ತೂತು ಮುಚ್ಚುವ ದ್ರವ) ಇದ್ದರೆ ಟಯರ್ ತಾನೇ ಮುಚ್ಚಿಕೊಳ್ಳುತ್ತದೆ. ಬಳ್ಳಾರಿ ಜಾಲಿ ಮತ್ತು ಕರಿಜಾಲಿಯದು ಬೇರೆ ಕಥೆ. ಎರಡು ಇಂಚಿನವರೆಗೆ ಉದ್ದ, ನೇರ, ಒಣಗಿದ ಮೇಲೆ ಮೊಳೆಯಷ್ಟೇ ಗಟ್ಟಿ. ಟಯರಿನ ಮಂದ ಭಾಗವನ್ನೂ ದಾಟುತ್ತದೆ, ಕೆಲವೊಮ್ಮೆ ಒಳಗೇ ಮುರಿದು ಉಳಿಯುತ್ತದೆ.

ಜಾಲಿ ಮುಳ್ಳು ಹೆಚ್ಚಿರುವುದು ಮರದ ಕೆಳಗಲ್ಲ, ಕಡಿದು ಎಳೆದ ಜಾಗದಲ್ಲಿ. ಸೌದೆಗೆ ಕಡಿದ ಕೊಂಬೆ ಎಳೆದುಕೊಂಡು ಹೋದ ದಾರಿ, ಹೊಲದ ಬೇಲಿಗೆ ಹೊಸದಾಗಿ ಮುಳ್ಳು ಹಾಕಿದ ಮೂಲೆ, ಕುರಿ ಹಟ್ಟಿಯ ಸುತ್ತ. ಟ್ರ್ಯಾಕ್ಟರ್ ಜಾಡಿನಲ್ಲಿ ಚಕ್ರ ಓಡಿದ ಭಾಗ ಸ್ವಚ್ಛವಾಗಿರುತ್ತದೆ, ಎರಡು ಜಾಡಿನ ನಡುವಿನ ಹುಲ್ಲುಪಟ್ಟಿ ಮತ್ತು ಅಂಚು ಅಪಾಯ. ಒಬ್ಬರನ್ನು ಹಿಂದಿಕ್ಕಬೇಕೆಂದು ಅಂಚಿಗೆ ಇಳಿದಾಗಲೇ ಹೆಚ್ಚಿನ ಪಂಕ್ಚರ್ ಆಗುವುದು.

ಸೀಲೆಂಟ್ ಲೆಕ್ಕ: 29 ಇಂಚಿನ, 2.25 ಅಗಲದ ಟಯರಿಗೆ ಸಾಮಾನ್ಯವಾಗಿ 90ರಿಂದ 100 ಮಿ.ಲೀ. ಇಲ್ಲಿಗೆ 120 ಹಾಕಿ. ಡಬ್ಬಿಯ ಮೇಲೆ ಎರಡು, ಮೂರು ತಿಂಗಳು ಅಂತ ಬರೆದಿದ್ದರೂ ಮಾರ್ಚ್‌ನಿಂದ ಮೇವರೆಗಿನ ಒಣ ಬಿಸಿಲಿನಲ್ಲಿ ಬೇಗ ಒಣಗುತ್ತದೆ, ಐದಾರು ವಾರಕ್ಕೊಮ್ಮೆ ನೋಡಿ. ಚಕ್ರ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದಾಗ ಗುಳುಗುಳು ಸದ್ದು ಬರದಿದ್ದರೆ ಒಣಗಿದೆ ಅಂತಲೇ ಅರ್ಥ.

ರೇಸಿನ ನಡುವೆ ಟಯರಿನಲ್ಲಿ ಮುಳ್ಳು ಕಂಡರೆ, ಗಾಳಿ ಹೋಗದಿದ್ದರೆ, ಮುಟ್ಟಬೇಡಿ. ಮುಳ್ಳೇ ಬಿರಡೆ. ಸುಯ್ಯೆಂದು ಸದ್ದು ಬರುತ್ತಿದ್ದರೆ ಕಿತ್ತು, ತೂತು ಕೆಳಕ್ಕೆ ಬರುವ ಹಾಗೆ ಚಕ್ರ ತಿರುಗಿಸಿ, ಹತ್ತು ಎಣಿಸಿ. ಸೀಲೆಂಟ್ ಅಲ್ಲಿಗೆ ಹರಿದು ಬರುತ್ತದೆ. ಆಮೇಲೂ ನೊರೆ ಚಿಮ್ಮುತ್ತಿದ್ದರೆ ಪ್ಲಗ್.

ಪ್ಲಗ್ ಹಾಕಿದರೂ ಕಿತ್ತು ಬರುತ್ತದೆ. ತಪ್ಪು ಎಲ್ಲಿ?

ಮೂರರಲ್ಲಿ ಒಂದು. ಟಯರ್ ಪೂರಾ ಚಪ್ಪಟೆ ಆದ ಮೇಲೆ ಚುಚ್ಚಲು ಹೋಗಿರುತ್ತೀರಿ. ಆಗ ರಬ್ಬರು ಒಳಕ್ಕೆ ಬಾಗುತ್ತದೆ, ಸೂಜಿ ಒಳಗೆ ಇಳಿಯುವುದಿಲ್ಲ. ಗಾಳಿ ಇರುವಾಗಲೇ ಚುಚ್ಚಿ. ಇಲ್ಲವೇ ಪ್ಲಗ್ಗನ್ನು ಪೂರ್ತಿ ಒಳಗೆ ತಳ್ಳಿರುತ್ತೀರಿ. ಎರಡೂ ತುದಿ ಅರ್ಧ ಇಂಚಿನಷ್ಟು ಹೊರಗೆ ಉಳಿಯಬೇಕು. ಅದೂ ಅಲ್ಲದಿದ್ದರೆ ಸೂಜಿಯನ್ನು ತಿರುಚುತ್ತಾ ಎಳೆದಿರುತ್ತೀರಿ. ಸೀಳಿದ ಕಣ್ಣಿನ ಸೂಜಿಯಾದರೆ ಸರಕ್ಕನೆ ನೇರವಾಗಿ ಎಳೆಯಬೇಕು. ತೂತು ದೊಡ್ಡದಿದ್ದರೆ ಎರಡು ಪ್ಲಗ್ ಒಂದರ ಪಕ್ಕ ಒಂದು ಹಾಕಬಹುದು. ಮನೆಯಲ್ಲಿ ಹಳೇ ಟಯರಿಗೆ ನಾಲ್ಕು ಸಲ ಚುಚ್ಚಿ ಕಲಿಯಿರಿ.

ಟ್ಯೂಬ್‌ಲೆಸ್ ಟಯರಿನೊಳಗೆ ಟ್ಯೂಬ್ ಹಾಕಿದೆ, ನೂರು ಮೀಟರಿಗೆ ಮತ್ತೆ ಗಾಳಿ ಹೋಯಿತು. ಯಾಕೆ?

ಒಳಗಿದ್ದ ಹಳೇ ಮುಳ್ಳು. ತಿಂಗಳುಗಟ್ಟಲೆ ಸೀಲೆಂಟ್ ಮುಚ್ಚಿಟ್ಟಿದ್ದ ಹತ್ತು ಹನ್ನೆರಡು ಮೊನೆಗಳು ಒಳಗೆ ಹಾಗೇ ನಿಂತಿರುತ್ತವೆ. ಟ್ಯೂಬ್‌ಲೆಸ್ ಆಗಿದ್ದಾಗ ಅವು ಲೆಕ್ಕಕ್ಕಿಲ್ಲ, ಟ್ಯೂಬ್ ಹಾಕಿದ ತಕ್ಷಣ ಒಂದೊಂದೂ ಒಂದೊಂದು ಪಂಕ್ಚರ್. ಈ ಸೀಮೆಯಲ್ಲಿ ರೇಸಿಗೆ ಟ್ಯೂಬ್ ಒಯ್ಯುವವರು ಹಿಂದಿನ ವಾರವೇ ಟಯರ್ ಬಿಚ್ಚಿ, ಒಳಮೈಯನ್ನು ಬಟ್ಟೆಯಿಂದ ಸವರಿ, ಸಿಕ್ಕ ಮೊನೆಯನ್ನೆಲ್ಲ ಇಕ್ಕಳದಲ್ಲಿ ಕೀಳಬೇಕು. ಬರಿ ಬೆರಳು ಬೇಡ. ಬಟ್ಟೆಗೆ ಮುಳ್ಳು ಸಿಕ್ಕಿಕೊಂಡು ತಾನೇ ಜಾಗ ತೋರಿಸುತ್ತದೆ. ಇಷ್ಟು ಮಾಡಲು ಹೊತ್ತಿಲ್ಲದಿದ್ದರೆ ಟ್ಯೂಬ್ ಹೊರುವುದೇ ದಂಡ.

ಇನ್ನೊಂದು ಕಡೆಯೂ ಗಮನ ಬೇಕು. ಟ್ಯೂಬ್‌ಲೆಸ್ ವಾಲ್ವಿನ ಬುಡದ ನಟ್ಟು ಸೀಲೆಂಟ್ ಅಂಟಿ ಬಿಗಿದಿರುತ್ತದೆ. ದಾರಿಯಲ್ಲಿ ಬೆರಳಿಗೆ ಬಗ್ಗುವುದಿಲ್ಲ, ಆ ವಾಲ್ವ್ ತೆಗೆಯದೆ ಟ್ಯೂಬ್ ಕೂರಿಸಲೂ ಆಗುವುದಿಲ್ಲ. ಮನೆಯಲ್ಲೇ ಸಡಿಲಿಸಿ, ಬೆರಳಿನ ಬಲದಷ್ಟೇ ಮತ್ತೆ ಬಿಗಿ ಮಾಡಿಡಿ.

ಗ್ಯಾಸ್ ಕಾರ್ಟ್ರಿಡ್ಜ್ ಒಳ್ಳೆಯದಾ, ಕೈಪಂಪಾ?

16 ಗ್ರಾಮಿನದು 29 ಇಂಚಿನ 2.25 ಟಯರಿಗೆ 20ರಿಂದ 25 ಪಿಎಸ್‌ಐ ಒತ್ತಡ ಕೊಡುತ್ತದೆ. 70 ಕಿಲೋ ಆಸುಪಾಸಿನ ಸವಾರನಿಗೆ ಟ್ಯೂಬ್‌ಲೆಸ್‌ನಲ್ಲಿ ಅದು ಸಾಕು. ಟ್ಯೂಬ್ ಹಾಕಿದ್ದರೆ ಸಾಲದು, ಕಲ್ಲಿಗೆ ಬಡಿದು ರಿಮ್ಮು ಟ್ಯೂಬನ್ನು ಕಚ್ಚುತ್ತದೆ. ಅದಕ್ಕೆ 25 ಗ್ರಾಮಿನದು ಬೇಕು. ಕೈಪಂಪಿನಲ್ಲಿ ಅಷ್ಟೇ ಗಾಳಿಗೆ 150, 200 ಸಲ ಒತ್ತಬೇಕು, ಆದರೆ ಗಾಳಿ ಮುಗಿಯುವುದಿಲ್ಲ.

ಗ್ಯಾಸಿನ ತಕರಾರು ಹಲವು. ಚಿಮ್ಮುವಾಗ ಅತಿ ತಣ್ಣಗಾಗಿ ಕೆಲವು ಸೀಲೆಂಟನ್ನು ಹೆಪ್ಪುಗಟ್ಟಿಸುತ್ತದೆ, ಹಾಗಾಗಿ ವಾಲ್ವ್ ಕೆಳಗಡೆ ಇರಬಾರದು, ಮೇಲಿನ ಅರ್ಧಕ್ಕೆ ತಿರುಗಿಸಿಕೊಳ್ಳಿ. ಕೈಗವಸು ಇಲ್ಲದೆ ಹಿಡಿದರೆ ಬೆರಳು ಸುಟ್ಟ ಹಾಗೆ ಆಗುತ್ತದೆ. ಸಿಒ2 ರಬ್ಬರಿನಿಂದ ಮಾಮೂಲಿ ಗಾಳಿಗಿಂತ ಬೇಗ ಸೋರುವುದರಿಂದ ಮಾರನೇ ದಿನ ಚಕ್ರ ಮೆತ್ತಗಾದರೆ ಗಾಬರಿ ಬೇಡ, ಪೂರಾ ಬಿಟ್ಟು ಪಂಪಿನಿಂದ ತುಂಬಿ. ಮರೆ ಇಲ್ಲದ ಕಾರ್ಟ್ರಿಡ್ಜ್ ಮರೆಯಿರುವ ತಲೆಗೆ ಕೂರುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. 50 ಡಿಗ್ರಿ ಒಳಗೇ ಇರಬೇಕು ಅನ್ನುವ ವಸ್ತು ಅದು. ಏಪ್ರಿಲ್‌ನ ದುರ್ಗದಲ್ಲಿ ಗಾಜು ಮುಚ್ಚಿದ ಕಾರು ಅದನ್ನು ಸುಲಭವಾಗಿ ದಾಟುತ್ತದೆ.

ನಮ್ಮ ಅಭಿಪ್ರಾಯ: ಪಿಟ್ ಇದ್ದರೆ ಗ್ಯಾಸ್, ದೊಡ್ಡ ಸುತ್ತಾದರೆ ಒಂದು ಗ್ಯಾಸ್ ಜೊತೆಗೆ ಕೈಪಂಪು. ಪಂಪು ಕೊಳ್ಳುವಾಗ ಸಣ್ಣ ಕೊಳವೆ ಇರುವುದನ್ನೇ ತೆಗೆದುಕೊಳ್ಳಿ. ನೇರವಾಗಿ ವಾಲ್ವಿಗೆ ಸಿಕ್ಕಿಸುವ ಪಂಪು ಅವಸರದಲ್ಲಿ ಅಲ್ಲಾಡಿ ಸಣ್ಣ ವಾಲ್ವಿನ ಮೊನೆಯನ್ನೇ ಬಗ್ಗಿಸುತ್ತದೆ.

ನನ್ನದು ಟ್ಯೂಬ್ ಇರುವ ಮಾಮೂಲಿ ಗೇರ್ ಸೈಕಲ್. ಕಾಲೇಜಿನ ರೇಸಿಗೆ ಇಷ್ಟೆಲ್ಲ ಬೇಕಾ?

ಬೇಡ. ಬೇಕಾಗಿರುವುದು ಬೇರೆ. ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಚಕ್ರವನ್ನು ನಟ್ಟಿನಿಂದ ಬಿಗಿದಿರುತ್ತಾರೆ. ಹಿಂದಿನದು ಸಾಮಾನ್ಯವಾಗಿ 15 ಮಿ.ಮೀ., ಮುಂದಿನದು 14 ಅಥವಾ 15. ಅಲೆನ್ ಕೀ ಗೊಂಚಲು ಎಷ್ಟು ಚೆಂದವಾಗಿದ್ದರೂ ಆ ಚಕ್ರ ಬಿಚ್ಚಲು ಬರುವುದಿಲ್ಲ. ಮನೆಯಲ್ಲೇ ಸ್ಪ್ಯಾನರ್ ಹಾಕಿ ನೋಡಿ, ಹೊಂದುವುದನ್ನೇ ಒಯ್ಯಿರಿ. ಚಿಕ್ಕ ಹಿಡಿಯ ಸ್ಪ್ಯಾನರ್ ಆಗಿದ್ದರೆ, ರೇಸಿನ ಹಿಂದಿನ ದಿನ ಉದ್ದ ಹಿಡಿಯದರಿಂದ ನಟ್ಟನ್ನು ಒಮ್ಮೆ ಸಡಿಲಿಸಿ ಬಿಗಿ ಮಾಡಿ, ತುಕ್ಕಿನ ಪಟ್ಟು ಬಿಡುತ್ತದೆ.

ಟ್ಯೂಬು ನಿಮ್ಮ ರಿಮ್ಮಿಗೆ ಸರಿಯಾದದ್ದೇ ಇರಲಿ. ಸ್ಕೂಟರಿನ ಹಾಗಿರುವ ದಪ್ಪ ವಾಲ್ವಿಗೆ 8.5 ಮಿ.ಮೀ. ತೂತು ಬೇಕು, ಸಣ್ಣ ವಾಲ್ವಿನ ರಿಮ್ಮಿನದು 6.5. ದಪ್ಪದ್ದು ಸಣ್ಣ ತೂತಿಗೆ ಹೋಗುವುದೇ ಇಲ್ಲ. ಗೆಳೆಯನ ಟ್ಯೂಬ್ ಸಾಲ ತಂದು ದಾರಿಯಲ್ಲಿ ಇದನ್ನು ಕಂಡುಕೊಳ್ಳುವುದು ಬೇಡ.

ದಪ್ಪ ವಾಲ್ವಿನ ಟ್ಯೂಬಿಗೆ ಅಗ್ಗದ ಉಪಾಯವೂ ಇದೆ. ಒಳಗಿನ ಪಿನ್ನು ಬಿಚ್ಚಿ 60ರಿಂದ 90 ಮಿ.ಲೀ. ಸೀಲೆಂಟ್ ಸುರಿದರೆ ನೆಗ್ಗಿಲು ಮುಳ್ಳಿಗೆ ಚಿಂತೆ ಇಲ್ಲ. ಆದರೆ ಆಮೇಲೆ ಆ ಟ್ಯೂಬಿಗೆ ಪ್ಯಾಚ್ ಸರಿಯಾಗಿ ಹಿಡಿಯುವುದಿಲ್ಲ. ಅಂದ ಹಾಗೆ ರೇಸಿನಲ್ಲಿ ಪ್ಯಾಚ್ ಹಚ್ಚುತ್ತಾ ಕೂರುವ ಮಾತೇ ಇಲ್ಲ. ಟ್ಯೂಬ್ ಬದಲಿಸಿ, ಪ್ಯಾಚು ಪಂಕ್ಚರ್ ಅಂಗಡಿಯಲ್ಲಿ ಆಗಲಿ.

ಚೈನು ತುಂಡಾದರೆ?

ಕ್ವಿಕ್ ಲಿಂಕ್ ನಿಮ್ಮ ಹಿಂದಿನ ಗೇರುಗಳ ಎಣಿಕೆಗೆ ಹೊಂದಬೇಕು. 10 ಗೇರಿನದು 12ಕ್ಕೆ ನಡೆಯುವುದಿಲ್ಲ. ಕಟರ್‌ನಿಂದ ಬಾಗಿದ ಲಿಂಕ್ ಪೂರ್ತಿ ತೆಗೆದು, ಎರಡೂ ತುದಿಯಲ್ಲಿ ಒಳತಟ್ಟೆ ಉಳಿಯುವ ಹಾಗೆ ಮಾಡಿ, ಲಿಂಕ್ ಸಿಕ್ಕಿಸಿ. ಅದನ್ನು ಮೇಲಿನ ಸಾಲಿಗೆ ತಂದು, ಹಿಂದಿನ ಬ್ರೇಕ್ ಹಿಡಿದು, ಪೆಡಲನ್ನು ಜೋರಾಗಿ ಒತ್ತಿದರೆ ಟಕ್ ಅಂತ ಕೂರುತ್ತದೆ. ಚೈನು ಈಗ ಒಂದು ಲಿಂಕ್ ಗಿಡ್ಡ ಆಗಿರುವುದರಿಂದ ಹಿಂದಿನ ಅತಿ ದೊಡ್ಡ ಹಲ್ಲಿಗೆ ಹಾಕಬೇಡಿ, ಡಿರೇಲರ್ ಕಿತ್ತು ಬರುತ್ತದೆ.

ಹ್ಯಾಂಗರ್ ಒಯ್ಯಬೇಕಾ? ಬಂಡೆಗೆ ಬಡಿದು ಬಾಗುವುದು ಜಾಸ್ತಿ.

ಸುತ್ತಿನ ರೇಸಾದರೆ ಪಿಟ್‌ನಲ್ಲಿರಲಿ. ಸೈಕಲ್ ಮೇಲೆ ಬೇಡ: ಬಾಗಿದ್ದನ್ನು ಬದಲಿಸದೆ ಕೈಯಲ್ಲೇ ಎಳೆದು ರೇಸ್ ಮುಗಿಸಬಹುದು. ಹ್ಯಾಂಗರ್ ಒಂದೊಂದು ಫ್ರೇಮಿಗೆ ಒಂದೊಂದು ಆಕಾರ. ದಾವಣಗೆರೆ ಅಂಗಡಿಯಲ್ಲಿ ಸಿಗುತ್ತದೆ ಅಂತ ನಂಬಿ ಕೂರಬೇಡಿ, ಮೊದಲೇ ತರಿಸಿಡಿ.

ದಾರಿಯಲ್ಲಿ ಬಾಗಿದರೆ ಮೊದಲು ಇಳಿದು ಹಿಂದಿನಿಂದ ನೋಡಿ. ಡಿರೇಲರಿನ ಕೆಳಗಿನ ಗಾಲಿ ಕಡ್ಡಿಗಳ ಕಡೆ ವಾಲಿದ್ದರೆ ದೊಡ್ಡ ಹಲ್ಲಿಗೆ ಹಾಕಿದ ಕ್ಷಣ ಚಕ್ರದ ಕಡ್ಡಿಗೆ ಸಿಕ್ಕಿ ಚಕ್ರ, ಡಿರೇಲರ್ ಎರಡೂ ಹೋಗುತ್ತವೆ. ಚೈನನ್ನು ಚಿಕ್ಕ ಹಲ್ಲಿಗೆ ತಂದು, ಡಿರೇಲರಿನ ಗಟ್ಟಿ ಭಾಗ ಹಿಡಿದು, ನಿಧಾನವಾಗಿ ಹೊರಕ್ಕೆ ಎಳೆಯಿರಿ. ಒಂದೇ ಸಲ. ಹಿಂದೆ ಮುಂದೆ ಆಡಿಸಿದರೆ ಅಲ್ಯೂಮಿನಿಯಂ ಮುರಿಯುತ್ತದೆ. ನೇರವಾಗದಿದ್ದರೂ ನಡುವಿನ ಮೂರು ನಾಲ್ಕು ಗೇರಿನಲ್ಲಿ ರೇಸ್ ಮುಗಿಸಬಹುದು.

ಪೂರಾ ಮುರಿದರೆ ಡಿರೇಲರ್ ತೆಗೆದು, ಚೈನು ಗಿಡ್ಡ ಮಾಡಿ, ಒಂದೇ ಗೇರಿನ ಸೈಕಲ್ ಮಾಡಿಕೊಳ್ಳುವ ದಾರಿ ಇದೆ. ಹಿಂದೆ ಸಸ್ಪೆನ್ಷನ್ ಇರುವ ಸೈಕಲ್ಲಿಗೆ ಇದು ಆಗದು. ಗುಂಡಿಗೆ ಬಿದ್ದಾಗ ಚೈನು ಬಿಗಿದು ಹರಿಯುತ್ತದೆ.

ಸಾಮಾನನ್ನು ಎಲ್ಲಿ ಕಟ್ಟುವುದು?

ಫ್ರೇಮಿಗೆ. ಸೀಟಿನ ಕೆಳಗೆ ಚೀಲ ತೂಗಿಸಿದರೆ ಬಂಡೆಯ ಮೆಟ್ಟಿಲಲ್ಲಿ ಹಿಂದಿನ ಟಯರಿಗೆ ತಾಗುತ್ತದೆ. ಸೀಟು ತಗ್ಗಿಸುವ ಡ್ರಾಪರ್ ಇದ್ದರಂತೂ ಖಂಡಿತ. ಟೂಲು, ಗ್ಯಾಸು, ಟ್ಯೂಬನ್ನು ಒಂದೇ ಉಂಡೆ ಮಾಡಿ, ಹಳೇ ಟ್ಯೂಬಿನ ಪಟ್ಟಿಯಿಂದ ಎಳೆದು ಬಿಗಿಯಿರಿ. ಟ್ಯೂಬನ್ನು ಹಳೇ ಕಾಲುಚೀಲದೊಳಗೆ ಹಾಕಿ. ಬರಿ ಟ್ಯೂಬಿಗೆ ಟೂಲ್ ತಾಗಿಸಿ ಕಟ್ಟಿದರೆ ಗರಸಿನ ದೂಳು ಮಧ್ಯೆ ಸೇರಿ ಉಜ್ಜಿ ತೂತು ಮಾಡುತ್ತದೆ. ಬೇಕಾದ ದಿನ ತೆಗೆದು ನೋಡಿದರೆ ಅದೇ ಪಂಕ್ಚರ್.

ಪ್ಲಗ್ ಮಾತ್ರ ಆ ಉಂಡೆಯೊಳಗೆ ಬೇಡ, ಒಂದೇ ಕೈಗೆ ಸಿಗುವ ಕಡೆ ಇರಲಿ. ಜೆರ್ಸಿಯ ಹಿಂದಿನ ನಡುಜೇಬಿನಲ್ಲಿ ಗಟ್ಟಿ ವಸ್ತು ಏನೂ ಇಡಬೇಡಿ. ಬೆನ್ನಡಿ ಬಿದ್ದರೆ ಅದು ಬೆನ್ನುಮೂಳೆಗೇ ಒತ್ತುತ್ತದೆ.

ನೀರು ಎಷ್ಟು?

ನವೆಂಬರಿನಿಂದ ಫೆಬ್ರವರಿವರೆಗೆ ಬೆಳಗಿನ ರೇಸಾದರೆ ಗಂಟೆಗೆ ಅರ್ಧ ಲೀಟರ್. ಮಾರ್ಚ್ ದಾಟಿದರೆ ಗಂಟೆಗೆ ಮುಕ್ಕಾಲು. ನಿಮ್ಮದೇ ಲೆಕ್ಕ ಬೇಕೆಂದರೆ ಅಭ್ಯಾಸದ ಮೊದಲು, ಆಮೇಲೆ ಬೆವರು ಒರೆಸಿಕೊಂಡು ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಹೋಗಿದೆ, ನಡುವೆ ಕುಡಿದದ್ದನ್ನೂ ಅದಕ್ಕೆ ಸೇರಿಸಿ. ಹೋದದ್ದನ್ನೆಲ್ಲ ರೇಸಿನಲ್ಲೇ ತುಂಬಿಕೊಳ್ಳಬೇಕಾಗಿಲ್ಲ.

ಸುತ್ತಿನ ರೇಸಿಗೆ ಒಂದೇ ಬಾಟಲಿ, ಅದೂ ಅರ್ಧ ತುಂಬಿದ್ದು. ನೀರು ಕೊಡಲು ಗೊತ್ತುಮಾಡಿದ ಜಾಗದಲ್ಲಿ ಸುತ್ತಿಗೊಮ್ಮೆ ಬದಲಿಸಿಕೊಳ್ಳಿ. ಬೇರೆ ಕಡೆ ಇಸಿದುಕೊಂಡರೆ ದಂಡ ಬೀಳಬಹುದು. ದೊಡ್ಡ ಸುತ್ತಿಗೆ ಬೆನ್ನುಚೀಲದಲ್ಲಿ ಒಂದೂವರೆ ಲೀಟರ್ ವಾಸಿ, ಯಾಕೆಂದರೆ ಬಂಡೆಯ ಇಳಿಜಾರಿನಲ್ಲಿ ಬಾಟಲಿ ಹಿಡಿದು ಒಂದೇ ಕೈಲಿ ಓಡಿಸಲಾಗದು. ಬಾಟಲಿಯೇ ಬೇಕೆಂದರೆ ಅದರ ಗೂಡಿಗೆ ಟ್ಯೂಬಿನ ರಬ್ಬರ್ ಬಳೆ ಹಾಕಿ, ಇಲ್ಲದಿದ್ದರೆ ಮೊದಲ ಮೆಟ್ಟಿಲಿಗೇ ಹಾರಿಹೋಗುತ್ತದೆ. ಹಿಂದಿನ ರಾತ್ರಿ ಅರ್ಧ ಬಾಟಲಿ ಮಂಜುಗಟ್ಟಿಸಿ, ಬೆಳಿಗ್ಗೆ ಮೇಲೆ ನೀರು ತುಂಬಿದರೆ ಕೊನೆವರೆಗೂ ತಂಪು.

ಕುರಿ ದನ ಓಡಾಡುವ ದಾರಿಯ ದೂಳು, ಸಗಣಿ ನೇರವಾಗಿ ಬಾಟಲಿಯ ಬಾಯಿಗೆ ಹಾರುತ್ತದೆ. ಮುಚ್ಚಳ ಇರುವ ಬಾಟಲಿ ತೆಗೆದುಕೊಳ್ಳಿ. ರೇಸ್ ಮುಗಿದು ಎರಡು ದಿನಕ್ಕೆ ಹೊಟ್ಟೆ ಕೆಟ್ಟರೆ ಜೆಲ್ಲನ್ನು ಬೈಯುವ ಮೊದಲು ಇದನ್ನು ನೆನೆಯಿರಿ.

ಓಆರ್‌ಎಸ್ ಹಾಕಬಹುದಾ? ತಿನ್ನಲು ಏನು?

ಒಂದು ಗಂಟೆಯೊಳಗಿನ ರೇಸಿಗೆ ಬರಿ ನೀರು ಸಾಕು, ತಿಂಡಿ ಬೇಡ. ಅದಕ್ಕಿಂತ ಹೆಚ್ಚಾದರೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇರುತ್ತದೆ. ಉಪ್ಪಿಗೆ ಸರಿ, ಶಕ್ತಿಗೆ ಸಾಲದು. ಲೀಟರಿನ ಪೊಟ್ಟಣವನ್ನು ಅರ್ಧ ಲೀಟರಿಗೆ ಸುರಿದು ಗಟ್ಟಿ ಮಾಡಿಕೊಂಡರೆ ಶಕ್ತಿ ಬರುವುದಿಲ್ಲ, ವಾಂತಿ ಬರುತ್ತದೆ.

ಅಗ್ಗದ ದಾರಿ ಬೆಲ್ಲ. ಅರ್ಧ ಲೀಟರ್ ನೀರಿಗೆ 30 ಗ್ರಾಂ ಬೆಲ್ಲ, ಒಂದು ಚಿಟಿಕೆ ಉಪ್ಪು, ಅರ್ಧ ನಿಂಬೆ. ಬಟ್ಟೆಯಲ್ಲಿ ಎರಡು ಸಲ ಸೋಸಿ. ಬೆಲ್ಲದ ಮರಳು ಬಾಟಲಿಯ ಬಾಯಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಬೀಜ ತೆಗೆದ ಖರ್ಜೂರ ಜೇಬಿನಲ್ಲಿ ಚೆನ್ನಾಗಿ ಕೂರುತ್ತದೆ. ಬಾಳೆಹಣ್ಣು ಪಿಟ್‌ಗೆ ಸರಿ, ಜೇಬಿಗೆ ಹಾಕಿದರೆ ಶೀಕರಣೆ. ಶೇಂಗಾ ಚಿಕ್ಕಿ ಬೇಡ: ಎಣ್ಣೆಯಂಶ ಹೆಚ್ಚು, ಅರಗಲು ನಿಧಾನ, ಏದುಸಿರಿನಲ್ಲಿ ಚೂರು ಗಂಟಲಿಗೆ ಸಿಕ್ಕುತ್ತದೆ.

ಬೆಳಿಗ್ಗೆ ಬೆಣ್ಣೆದೋಸೆ ತಿಂದು ಹೋಗಬಹುದಾ?

ದಾವಣಗೆರೆಯವರು ಕೇಳದೆ ಬಿಡದ ಪ್ರಶ್ನೆ. ರೇಸ್ ಆದ ಮೇಲೆ, ಎಷ್ಟು ಬೇಕಾದರೂ. ಮೊದಲು ಬೇಡ, ಅಷ್ಟು ಬೆಣ್ಣೆ ಮೂರು ಗಂಟೆಯಾದರೂ ಹೊಟ್ಟೆಯಲ್ಲೇ ಕೂತಿರುತ್ತದೆ. ಎರಡೂವರೆ ಗಂಟೆ ಮೊದಲು ಇಡ್ಲಿ ಅಥವಾ ಅವಲಕ್ಕಿ ತಿನ್ನಿ.

ಮಳೆ ಬಂದು ಎರೆಮಣ್ಣು ಅಂಟಿದರೆ?

ಚಕ್ರ ತಿರುಗುವುದೇ ನಿಲ್ಲುತ್ತದೆ. ಒಂದು ಸೈಕಲ್ಲಿಗೆ ನಾಲ್ಕೈದು ಕಿಲೋ ಮಣ್ಣು ಹತ್ತುವುದು ಇಲ್ಲಿ ದೊಡ್ಡ ಮಾತಲ್ಲ. ಟಯರ್ ಲಿವರಿನಿಂದಲೇ ಕೆರೆಯಿರಿ, ಬೇರೆ ಸಾಮಾನು ಬೇಡ. ಹೊರಡುವ ಮೊದಲು ಫ್ರೇಮಿನ ಕೆಳಭಾಗಕ್ಕೆ ತೆಳುವಾಗಿ ಅಡುಗೆ ಎಣ್ಣೆ ಸವರಿದರೆ ಮಣ್ಣು ಬೇಗ ಜಾರುತ್ತದೆ. ಬ್ರೇಕ್ ಡಿಸ್ಕಿಗೆ ಒಂದು ಹನಿ ತಾಗಿದರೂ ಬ್ರೇಕ್ ಹೋಯಿತು, ಅದಕ್ಕೇ ಬಟ್ಟೆಯಿಂದ ಒರೆಸಿ ಹಚ್ಚಿ, ಸುರಿಯಬೇಡಿ. ಗರಸಿನ ದಾರಿಗೆ ಇದ್ಯಾವುದೂ ಬೇಕಿಲ್ಲ.

ಪೆಟ್ಟಾದರೆ? ಫೋನ್ ಒಯ್ಯಬೇಕಾ?

ಒಯ್ಯಿರಿ, ಎರಡೂ ಬಗೆಯ ರೇಸಿಗೆ. ತೆಳು ಪ್ಲಾಸ್ಟಿಕ್ ಚೀಲದಲ್ಲಿ ಫೋನು, 200 ರೂಪಾಯಿ, ಹೆಸರು, ರಕ್ತದ ಗುಂಪು, ಮನೆಯವರ ನಂಬರ್ ಬರೆದ ಚೀಟಿ. ಆಂಬುಲೆನ್ಸಿಗೆ 108, ಬೇರೆ ತುರ್ತಿಗೆ 112. ಬಂಡೆಗಳ ಮರೆಯಲ್ಲಿ ಸಿಗ್ನಲ್ ಸಿಗದೆ ಹೋಗಬಹುದು, ಒಂದು ಪೀಪಿ ಕುತ್ತಿಗೆಯಲ್ಲಿರಲಿ. ದೊಡ್ಡ ಸುತ್ತಾದರೆ 6 ಸೆಂ.ಮೀ. ಕ್ರೇಪ್ ಬ್ಯಾಂಡೇಜು, ಎರಡು ಗಾಜ್ ಪಟ್ಟಿ ಸಾಕು. ಬೆರಳು ಮುಚ್ಚುವ ಕೈಗವಸು, ಕನ್ನಡಕ ಹೆಲ್ಮೆಟ್ಟಿನಷ್ಟೇ ಕಡ್ಡಾಯ ಅಂದುಕೊಳ್ಳಿ. ದುರ್ಗದ ಬಂಡೆ ಅಂಗೈ ಚರ್ಮವನ್ನು ಉಳಿಸುವುದಿಲ್ಲ.

ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಎದ್ದರೆ ಸೈಕಲ್ ಬಿಟ್ಟು, ಮುಖ ಮುಚ್ಚಿಕೊಂಡು ದೂರ ಓಡಿ. ಕೈ ಬೀಸಬೇಡಿ, ಬಂಡೆ ಸಂದಿಯಲ್ಲಿ ಅವಿತುಕೊಳ್ಳಬೇಡಿ. ಜೇನು ಕಡಿತಕ್ಕೆ ಉಸಿರು ಕಟ್ಟುವ ಅಲರ್ಜಿ ಇದ್ದವರು ವೈದ್ಯರು ಬರೆದುಕೊಟ್ಟ ಔಷಧವನ್ನು ಪಿಟ್‌ನಲ್ಲಿ ಬಿಡದೆ ಮೈಮೇಲೇ ಇಟ್ಟುಕೊಳ್ಳಿ. ನಡಿಗೆಯ ಲೆಕ್ಕ ಇದೊಂದಕ್ಕೆ ಸಲ್ಲದು.

ಅಭ್ಯಾಸಕ್ಕೂ ಇಷ್ಟೇ ಸಾಮಾನು ಸಾಕಾ?

ಸಾಲದು. ರೇಸಿನಲ್ಲಿ ಹಿಂದೆ ಮುಂದೆ ಜನ ಇರುತ್ತಾರೆ, ಅಭ್ಯಾಸದಲ್ಲಿ ಒಬ್ಬರೇ. ಕೊಂಡಜ್ಜಿ ಗುಡ್ಡದ ಕಡೆ ಹೋದರೂ ಎರಡು ಟ್ಯೂಬು, ಪಂಪು, ಹೆಚ್ಚು ನೀರು ಇರಲಿ. ಜೋಗಿಮಟ್ಟಿ ವನ್ಯಧಾಮ, ಅರಣ್ಯ ಇಲಾಖೆಯ ಒಪ್ಪಿಗೆ ಕೇಳದೆ ನುಗ್ಗಬೇಡಿ, ಕರಡಿ, ಚಿರತೆ ಇರುವ ಕಾಡದು. ಚಂದ್ರವಳ್ಳಿಯ ಬಂಡೆಗಳು ಎಷ್ಟು ಕರೆದರೂ ಮಯೂರಶರ್ಮನ ಶಾಸನ ಇರುವ ಆವರಣ ಸೈಕಲ್ ಹಾರಿಸುವ ಜಾಗವಲ್ಲ.

ಪಿಟ್ ಚೀಲದಲ್ಲಿ ಏನಿರಬೇಕು?

ನಿಲ್ಲಿಸಿ ಒತ್ತುವ ದೊಡ್ಡ ಪಂಪು, ಸೀಲೆಂಟ್ ಹಾಕಿ ಗಾಳಿ ತುಂಬಿದ ಬದಲಿ ಚಕ್ರ ಇದ್ದರೆ ಅದು, ಹ್ಯಾಂಗರ್, ಚೈನ್ ಎಣ್ಣೆ, ವಾಲ್ವ್ ಪಿನ್ನು ಬಿಚ್ಚುವ ಕೀಲಿ, ಬದಲಿ ಕನ್ನಡಕ, ನೀರು, ಒಂದು ಒಣ ಬಟ್ಟೆ. ಬದಲಿ ಚಕ್ರ ಇಡುವವರು ಮೊದಲೇ ಒಮ್ಮೆ ಸೈಕಲ್ಲಿಗೆ ಹಾಕಿ, ಡಿಸ್ಕ್ ಬ್ರೇಕಿಗೆ ಉಜ್ಜದ ಹಾಗೆ ನೋಡಿರಬೇಕು. ನಂಬರ್ ಫಲಕ ಕಟ್ಟಲು ನಾಲ್ಕು ಕೇಬಲ್ ಟೈ ಹೆಚ್ಚಿಗೆ ಇಟ್ಟುಕೊಳ್ಳಿ. ಫಲಕ ಕಳಚಿದರೆ ಕೆಲವು ಕಡೆ ಸುತ್ತಿನ ಎಣಿಕೆಯೇ ತಪ್ಪುತ್ತದೆ.

ಹಿಂದಿನ ರಾತ್ರಿ ಕೊನೆಯದಾಗಿ ಏನು ನೋಡಬೇಕು?

ಕಾರ್ಟ್ರಿಡ್ಜನ್ನು ತೂಗಿ ನೋಡಿ. ಖಾಲಿಯದೂ ತುಂಬಿದ್ದೂ ಕಣ್ಣಿಗೆ ಒಂದೇ ಥರ. ಬಾಯಿಯಲ್ಲಿ ಸಣ್ಣ ತೂತು ಇದ್ದರೆ ಖಾಲಿ. ತಲೆಯನ್ನು ಕಾರ್ಟ್ರಿಡ್ಜಿಗೆ ಮೊದಲೇ ಪೂರಾ ಬಿಗಿಯಬೇಡಿ, ಒಳಗಿನ ಮೊನೆ ಚುಚ್ಚಿ ರಾತ್ರಿಯೇ ಗ್ಯಾಸ್ ಸೋರಿಹೋಗುತ್ತದೆ. ಗಾಳಿ ಅಳೆಯಿರಿ: ಟ್ಯೂಬ್‌ಲೆಸ್‌ಗೆ 20ರಿಂದ 24, ಟ್ಯೂಬಿಗೆ 27ರಿಂದ 32 ಪಿಎಸ್‌ಐ. ಬೆಳಿಗ್ಗೆ ಮತ್ತೆ ಅಳೆದಾಗ 3ಕ್ಕಿಂತ ಹೆಚ್ಚು ಇಳಿದಿದ್ದರೆ ಎಲ್ಲೋ ಒಂದು ಮುಳ್ಳು ಕೂತಿದೆ. ಹೊರಡುವ ಮೊದಲೇ ಅದನ್ನು ಹುಡುಕಿ ತೆಗೆಯಿರಿ.